ಲಿಪೋವಾದ ಇಟ್ಟಿಗೆ ಸಭಾಭವನವನ್ನು ಕೆಡವಲು ಹೊರಟವರಿಗೆ

ಯೋಜನಾ ಆಯೋಗದ ಮಾನ್ಯ ಅಧ್ಯಕ್ಷರೇ,

ನಮ್ಮ ಊರಿನ ಇಟ್ಟಿಗೆ ಸಭಾಭವನವನ್ನು ಕೆಡವಿ, ಅಲ್ಲಿ ಮುನ್ನೂರು ಕಾರು ನಿಲ್ಲಿಸುವ ಕಟ್ಟಡ ಎಬ್ಬಿಸಲು ತಾವು ಒಪ್ಪಿಗೆ ಕೊಟ್ಟಿದ್ದೀರಿ. ಕಾರಣ ತಮ್ಮ ವರದಿಯ ಒಂಬತ್ತನೆಯ ಪುಟದಲ್ಲಿದೆ: "ಲಿಪೋವಾ, ಜನ ಮಲಗಲು ಮಾತ್ರ ಬರುವ ಊರು. ಉಳಿಸಿಕೊಳ್ಳಬೇಕಾದ ಇತಿಹಾಸವಾಗಲಿ ಗುಣವಾಗಲಿ ಇದಕ್ಕಿಲ್ಲ. ಸಭಾಭವನವು ಹಗಲಿನಲ್ಲಿ ಬಳಕೆಯಲ್ಲಿಲ್ಲ." ನೂರ ಹತ್ತು ವರ್ಷಗಳನ್ನು ಮೂರು ವಾಕ್ಯದಲ್ಲಿ ಮುಗಿಸಿದ ತಮ್ಮ ಮಿತವ್ಯಯವನ್ನು ಮೆಚ್ಚಲೇಬೇಕು.

ಇದನ್ನು ಇಂಗ್ಲಿಷಿನಲ್ಲಿ ಮೂರು ಸಲ ಬರೆದೆ. ಮೂರಕ್ಕೂ ಒಂದೇ ಉತ್ತರ ಬಂತು. ಮೂರನೆಯದರಲ್ಲಿ ನನ್ನ ಹೆಸರೂ ತಪ್ಪಿತ್ತು. ಅದಕ್ಕೇ ಈಗ ಕನ್ನಡದಲ್ಲಿ, ನಮ್ಮ ಕನ್ನಡ ಕೂಟದ ಪತ್ರಿಕೆಯಲ್ಲಿ, ನಾಲ್ಕು ಜನರೆದುರು ಬರೆಯುತ್ತಿದ್ದೇನೆ. ಯಾವ ಭಾಷೆಯ ಅಹವಾಲು ಬಂದರೂ ಅನುವಾದ ಮಾಡಿಸಿ ಓದುತ್ತೇವೆಂದು ತಮ್ಮ ಕಚೇರಿಯ ಗೋಡೆಯ ಮೇಲಿದೆ. ದಯವಿಟ್ಟು ಓದಿಸಿಕೊಳ್ಳಿ.

ಇತಿಹಾಸವಿಲ್ಲ ಎಂದಿರಿ. ಸ್ಯಾನ್ ಫ್ರಾನ್ಸಿಸ್ಕೋ ಕಡೆಯಿಂದ ಲಿವರ್‌ಮೋರ್ ದಾಟಿ ಬೆಟ್ಟದ ಆಚೆ ಇಳಿದರೆ ಸಿಗುವ ಈ ಊರನ್ನು ಕಟ್ಟಿದವರು ಹದಿನಾಲ್ಕು ಜೆಕ್ ಕುಟುಂಬಗಳು. ಅವರು ಬಿಟ್ಟು ಬಂದ ಊರು ಪ್ರಾಗ್ ನಗರದಿಂದ ಒಂದು ಗಂಟೆಯ ರೈಲು ದೂರದಲ್ಲಿತ್ತಂತೆ. ಗಂಡಸರು ದಿನಾ ರೈಲು ಹತ್ತಿ ನಗರದ ಕಾರ್ಖಾನೆಗಳಿಗೆ ಹೋಗಿಬರುತ್ತಿದ್ದರಂತೆ. ಇಲ್ಲಿಗೆ ಬಂದರೂ ಹಣೆಬರಹ ಬದಲಾಗಲಿಲ್ಲ. ಕೊಲ್ಲಿಯ ದಂಡೆಯ ಇಟ್ಟಿಗೆ ಭಟ್ಟಿಗೆ ಸೋಮವಾರ ಹೊರಟರೆ ಶನಿವಾರವೇ ಮನೆ. ಊರಲ್ಲಿ ಉಳಿಯುತ್ತಿದ್ದವರು ಹೆಂಗಸರು, ಮುದುಕರು, ಮಕ್ಕಳು. ಮೂರನೆಯ ವರ್ಷ ಒಂದು ಗುರುವಾರ ಬೆಟ್ಟದ ಒಣಹುಲ್ಲಿಗೆ ಬೆಂಕಿ ಬಿತ್ತು. ಇಬ್ಬರು ಮಕ್ಕಳು ತೀರಿಕೊಂಡರು. ಸುದ್ದಿ ತಂದೆಯರಿಗೆ ಮುಟ್ಟುವ ಹೊತ್ತಿಗೆ ಮಣ್ಣಾಗಿತ್ತು. ಮರುವರ್ಷ ಹೆಂಗಸರೇ ಸೇರಿ, ಭಟ್ಟಿಯವರು ಬೇಡವೆಂದು ಎಸೆದ ಸೊಟ್ಟ ಇಟ್ಟಿಗೆಗಳನ್ನು ತರಿಸಿ ಈ ಸಭಾಭವನ ಕಟ್ಟಿದರು. ಬೆಂಕಿ ಕಂಡರೆ ಎಲ್ಲರೂ ಇಲ್ಲಿಗೆ ಓಡಿಬರಲೆಂದು ಮೇಲೊಂದು ಗಂಟೆ ಕಟ್ಟಿದರು. ಸುತ್ತ ನಲವತ್ತು ಹೆಜ್ಜೆ ಹುಲ್ಲುಕಡ್ಡಿ ಇರಬಾರದೆಂದು, ಬೀಗದಕೈ ಹಗಲು ಊರು ಬಿಡದ ಹೆಣ್ಣಿನ ಬಳಿಯೇ ಇರಬೇಕೆಂದು ಕಟ್ಟುಪಾಡು ಮಾಡಿದರು. ಅದು ಇಂದಿಗೂ ನಡೆದಿದೆ. ಇದು ಗುಣವಲ್ಲವಾದರೆ ಗುಣವೆಂದರೇನು, ಸ್ವಾಮಿ?

ಈಗ ಊರಿನ ಅರ್ಧ ಮನೆಗಳಲ್ಲಿ ನಮ್ಮವರಿದ್ದಾರೆ. ಮಂಡ್ಯ, ಹಾಸನ, ಬೆಂಗಳೂರಿನ ಕಡೆಯವರು. ನಾನು ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಲ್ಯಾಬೊಂದಕ್ಕೆ ಹೋಗುತ್ತೇನೆ, ನನ್ನ ಗಂಡ ಜಯರಾಮ್ ಎಮರಿವಿಲ್‌ಗೆ. ಬೆಳಗಿನ ಐದೂವರೆಗೆ ಮನೆ ಬಿಟ್ಟರೆ ಮರಳುವುದು ಸಂಜೆ ಏಳಕ್ಕೆ. ಮನೆಯಲ್ಲಿರುವವರು ಮಂಡ್ಯದಿಂದ ಬಂದ ನನ್ನ ಅತ್ತೆ ಕೆಂಪಮ್ಮ ಮತ್ತು ನಾಲ್ಕು ವರ್ಷದ ಮಗಳು ತನ್ವಿ. ನೂರು ವರ್ಷದಲ್ಲಿ ಬದಲಾಗಿದ್ದು ಇಷ್ಟೇ: ರೈಲಿನ ಬದಲು ಫ್ರೀವೇ.

ಕಳೆದ ಸೆಪ್ಟೆಂಬರಿನ ಒಂದು ಮಂಗಳವಾರ, ಹನ್ನೊಂದೂ ನಲವತ್ತಕ್ಕೆ ಊರಿನ ಹಿಂದಿನ ಬೆಟ್ಟಕ್ಕೆ ಬೆಂಕಿ ಬಿತ್ತು. ನಾನು ಲ್ಯಾಬಿನಲ್ಲಿದ್ದೆ. ಫೋನು ಎಚ್ಚರಿಕೆ ಕೂಗಿದ್ದೇ ಕೋಟು ಬಿಚ್ಚದೆ ಕಾರಿಗೆ ಓಡಿದೆ. ಅತ್ತೆ ಫೋನು ತೆಗೆಯಲಿಲ್ಲ. ಕಣಿವೆಯ ತಿರುವಿನಲ್ಲಿ ಪೊಲೀಸರು ರಸ್ತೆ ಮುಚ್ಚಿದ್ದರು. ಲಿಪೋವಾದ ಅಪ್ಪ ಅಮ್ಮಂದಿರೆಲ್ಲ ಕಾರಿನಿಂದಿಳಿದು ರಸ್ತೆಯ ಅಂಚಿನಲ್ಲಿ ನಿಂತಿದ್ದೆವು, ಸುಮಾರು ನೂರು ಮಂದಿ. ಬೆಟ್ಟದ ಆಚೆ ಹೊಗೆ ಏಳುವುದು ಕಾಣುತ್ತಿತ್ತು. ಎಲ್ಲರೂ ಮತ್ತೆ ಮತ್ತೆ ಮನೆಗೆ ಫೋನು ಮಾಡುತ್ತಿದ್ದೆವು. ಎರಡು ಗಂಟೆಗೆ ಗೊತ್ತಿಲ್ಲದ ನಂಬರಿನಿಂದ ಕರೆ ಬಂತು. ಅತ್ತೆಯ ದನಿ.

"ಕಾವ್ಯಾ, ಗಾಬ್ರಿ ಬೀಳ್ಬ್ಯಾಡ ಕಣವ್ವ. ಮಗು ನನ್ ಮಡ್ಲಲ್ಲೇ ಅದೆ. ಇಲ್ಲೊಂದ್ ಅಜ್ಜಿ ಎಲ್ಲಾರ್ ಹೆಸ್ರೂ ಬರ್ಕತಾ ಅವ್ಳೆ. ನಿಂದೂ ಕೇಳ್ತಾ ಅವ್ಳೆ, ಏನಂತ ಯೋಳ್ಲಿ?"

ಕಾವ್ಯಾ ಅಂತಲೇ ಹೇಳಿ ಅಂದೆ.

ಆ ಅಜ್ಜಿ ಲುದ್ಮಿಲಾ ಕ್ರಾತ್ಕಿ. ಎಂಬತ್ತಮೂರು ವರ್ಷ; ಹದಿನಾಲ್ಕು ಮನೆಗಳಲ್ಲೊಂದರ ಮೊಮ್ಮಗಳು, ಊರೊಳಗೇ ಶಾಲಾ ಬಸ್ಸು ಓಡಿಸಿ ನಿವೃತ್ತರಾದವರು. ಸಭಾಭವನದ ಬೀಗದಕೈ ಮೂವತ್ತೊಂದು ವರ್ಷದಿಂದ ಅವರ ಬಳಿ ಇತ್ತು. ಅಂದು ಅವರು ಗಂಟೆ ಹೊಡೆದರು. ಅದೇಕೆಂದು ಹೊಸಬರಾದ ನಮಗಾರಿಗೂ ಗೊತ್ತಿರಲಿಲ್ಲ. ಆಗ ತಮ್ಮ ಹಳೆಯ ಟ್ರಕ್ಕಿನಲ್ಲಿ ಮನೆಮನೆಗೆ ಹೊರಟರು. ಅಪರಿಚಿತರಿಗೆ ಬಾಗಿಲು ತೆಗೆಯಬೇಡಿ ಎಂದು ಅತ್ತೆಗೆ ಕಟ್ಟಪ್ಪಣೆ ಮಾಡಿದ್ದವಳು ನಾನೇ. ಅವರು ತೆಗೆಯಲಿಲ್ಲ. ಲುದ್ಮಿಲಾ ಕಿಟಕಿಯ ಗಾಜು ತಟ್ಟಿ, ಬೆಟ್ಟದತ್ತ ಕೈ ತೋರಿಸಿ ಸುಮ್ಮನೆ ನಿಂತರಂತೆ. ಅತ್ತೆ ಆ ಕಡೆ ನೋಡಿದರು. ಜ್ವರವೆಂದು ಡೇಕೇರಿಗೆ ಹೋಗದೆ ಮಲಗಿದ್ದ ತನ್ವಿಯನ್ನು ಎತ್ತಿಕೊಂಡು ಬರಿಗಾಲಲ್ಲೇ ಟ್ರಕ್ಕು ಹತ್ತಿದರು.

ಡೇಕೇರಿನ ಮಕ್ಕಳೂ ಸೇರಿ ಎಂಬತ್ತೊಂದು ಮಂದಿ ಒಳಗಿದ್ದರು. ಬಾಗಿಲ ಸಂದಿಯಿಂದ ಹೊಗೆ ನುಗ್ಗತೊಡಗಿದಾಗ ಅತ್ತೆ ಯಾರನ್ನೂ ಕೇಳದೆ ವೇದಿಕೆಯ ಪರದೆ ಎಳೆದು ಕೆಡವಿ, ಅಡುಗೆಕೋಣೆಯ ನಲ್ಲಿಯಲ್ಲಿ ತೋಯಿಸಿ, ಸಂದಿಗಳಿಗೆ ತುರುಕಿದರು. ಅದನ್ನು ಕಂಡು ಉಳಿದವರು ಮೇಜಿನ ಬಟ್ಟೆಗಳಿಗೆ ಕೈಹಾಕಿದರು. ಲುದ್ಮಿಲಾ ಮಾತ್ರ ಇನ್ನೊಮ್ಮೆ ಹೊರಗೆ ಹೋದರು, ಗಾಲಿಕುರ್ಚಿಯಲ್ಲಿದ್ದ ಮೈಸೂರಿನ ಶೇಷಾದ್ರಿಯವರಿಗಾಗಿ. ಅವರನ್ನು ಕರೆತಂದರು; ಆದರೆ ಆ ಹೊಗೆಯಲ್ಲಿ ತಮ್ಮ ಶ್ವಾಸಕೋಶ ಕೆಡಿಸಿಕೊಂಡರು. ಊರಿನ ಹತ್ತೊಂಬತ್ತು ಮರದ ಮನೆಗಳು ಸುಟ್ಟವು. ಬೆಂಕಿ ಸಭಾಭವನದ ಸುತ್ತಲಿನ ಬರಿನೆಲಕ್ಕೆ ಬಂದು ನಿಂತಿತು. ಒಬ್ಬರೂ ಸಾಯಲಿಲ್ಲ.

ಆರು ಗಂಟೆಗೆ ನಾನು ತಲುಪಿದಾಗ ಲುದ್ಮಿಲಾ ಬಾಗಿಲಲ್ಲಿ ಕುಳಿತು, ಪಟ್ಟಿ ನೋಡಿ ಒಬ್ಬೊಬ್ಬರನ್ನೇ ಮನೆಯವರಿಗೆ ಒಪ್ಪಿಸುತ್ತಿದ್ದರು. ನಿನ್ನ ಅತ್ತೆ ನನ್ನ ಪರದೆ ಹಾಳುಮಾಡಿದಳು ಎಂದು ಹೇಳಿ ಬಹಳ ಹೊತ್ತು ಕೆಮ್ಮಿದರು. ಅದರಲ್ಲಿ ಒಂದಿಷ್ಟು ನಗುವೂ ಇತ್ತೆಂದು ನನಗೆ ಆಮೇಲೆ ಹೊಳೆಯಿತು.

ಹಗಲಿನಲ್ಲಿ ಬಳಕೆಯಲ್ಲಿಲ್ಲ, ಅಲ್ಲವೇ? ತಮ್ಮ ಅಧಿಕಾರಿ ಫೆಬ್ರುವರಿಯ ಒಂದು ಬುಧವಾರ ಹನ್ನೊಂದಕ್ಕೆ ಬಂದು, ಬೀಗ ನೋಡಿ, ಹನ್ನೆರಡು ನಿಮಿಷದಲ್ಲಿ ಹೊರಟರು. ಬೀಗದಕೈ ಇದ್ದವರು ಅಂದು ಆಸ್ಪತ್ರೆಯಲ್ಲಿದ್ದರು. ಪಕ್ಕದ ಮನೆಯಲ್ಲಿ ಕೇಳಿದ್ದರೂ ತಿಳಿಯುತ್ತಿತ್ತು. ಆಮೇಲೆ ಸಾರ್ವಜನಿಕ ವಿಚಾರಣೆ ಇಟ್ಟಿರಿ, ಮಾರ್ಚಿನ ಮಂಗಳವಾರ, ಮಧ್ಯಾಹ್ನ ಎರಡಕ್ಕೆ. ಮಲಗಲು ಮಾತ್ರ ಬರುವ ಜನರೆಂದು ಬರೆದವರೇ ಆ ಜನರಿಗೆ ಮಧ್ಯಾಹ್ನ ಎರಡಕ್ಕೆ ಬನ್ನಿ ಎಂದರೆ ಅದನ್ನು ಮರೆವು ಅನ್ನಬೇಕೋ, ಜಾಣತನ ಅನ್ನಬೇಕೋ?

ಆದರೂ ಒಬ್ಬರು ಬಂದಿದ್ದರು. ಮೂಗಿಗೆ ಆಕ್ಸಿಜನ್ ನಳಿಕೆ ಹಾಕಿಕೊಂಡು, ಡೇಕೇರಿನ ವ್ಯಾನಿನಲ್ಲಿ, ನನ್ನ ಅತ್ತೆಯ ತೋಳು ಹಿಡಿದು. ತಾವು ಎರಡು ನಿಮಿಷ ಕೊಟ್ಟಿರಿ. ಲುದ್ಮಿಲಾ ಭಾಷಣ ಮಾಡಲಿಲ್ಲ. ಅಂದಿನ ಪಟ್ಟಿ ತೆಗೆದು ಹೆಸರು ಓದತೊಡಗಿದರು. ಮೂವತ್ತನಾಲ್ಕನೆಯ ಹೆಸರಿಗೆ ತಾವು ಮೈಕು ನಿಲ್ಲಿಸಿದಿರಿ. "ಅವ್ರ ಮಾತು ಮುಗ್ದಿರ್ನಿಲ್ಲ ಕಣವ್ವ," ಎಂದರು ಅತ್ತೆ ಮನೆಗೆ ಬಂದು. "ಬಾಯಿ ಆಡ್ತಾನೇ ಇತ್ತು." ಮೂವತ್ತೈದನೆಯ ಹೆಸರು ನನ್ನ ಮಗಳದು. ತಮ್ಮ ನಡಾವಳಿಯಲ್ಲಿ ಹೀಗಿದೆ: "ಒಬ್ಬರು ಮಾತನಾಡಿದರು. ಆಕ್ಷೇಪಣೆ ಇಲ್ಲ."

ಮೇ ತಿಂಗಳಲ್ಲಿ ಲುದ್ಮಿಲಾ ತೀರಿಕೊಂಡರು. ಅದಕ್ಕೆ ವಾರದ ಹಿಂದೆ ಬೀಗದಕೈಯನ್ನು ನನ್ನ ಅತ್ತೆಯ ಅಂಗೈಯಲ್ಲಿಟ್ಟು ಬೆರಳು ಮಡಚಿದರು.

ತಾವು ಒಪ್ಪಿಗೆಯನ್ನು ಹಿಂತೆಗೆದುಕೊಳ್ಳಬೇಕು. ವಿಚಾರಣೆ ಮತ್ತೆ ನಡೆಯಬೇಕು, ಸಂಜೆ ಎಂಟಕ್ಕೆ, ಅದೇ ಸಭಾಭವನದಲ್ಲಿ. ಎಂಬತ್ತೊಂದು ಹೆಸರೂ ನಡಾವಳಿಯಲ್ಲಿ ದಾಖಲಾಗಬೇಕು. ಮುಂದಿನ ತಿಂಗಳ ಹದಿನಾಲ್ಕರ ಬೆಳಿಗ್ಗೆ ತಮ್ಮ ಯಂತ್ರಗಳು ಬರುತ್ತವೆಂದು ನೋಟಿಸು ಅಂಟಿಸಿದ್ದಾರೆ. ಅಂದು ಲಿಪೋವಾದ ನೂರ ಆರು ಮಂದಿ ಆಫೀಸಿಗೆ ರಜೆ ಹಾಕಿದ್ದೇವೆ. ಒಳಗಿನಿಂದ ಬಾಗಿಲು ಹಾಕಿಕೊಂಡು ಕುಳಿತಿರುತ್ತೇವೆ. ತಾವೇ ಬಂದು ತಟ್ಟಿ.

ಇಂತಿ,
ಬೆಂಕಿ ಬಿದ್ದ ದಿನ ಊರಲ್ಲಿಲ್ಲದ,
ಕಾವ್ಯಾ ಜಯರಾಮ್
ಲಿಪೋವಾ