ಅವ್ವನ ಹೆಬ್ಬೆರಳು

ಹೊನ್ನೂರು
18-8-2025, ಸೋಮವಾರ

ಪ್ರೀತಿಯ ವೀರಕ್ಕನಿಗೆ,

ತಮ್ಮ ಷಡಕ್ಷರಿಯ ನಮಸ್ಕಾರ. ಯುಗಾದಿಗೆ ಬರುತ್ತೇನೆ ಎಂದವನು ಶ್ರಾವಣ ಮುಗಿಯುತ್ತಾ ಬಂದರೂ ಕೊಳ್ಳೇಗಾಲದ ಕಡೆ ತಲೆಹಾಕಿಲ್ಲ. ಬೈದುಕೋ. ಇಷ್ಟು ಹತ್ತಿರವಿದ್ದೂ ಕಾಗದ ಬರೆಯುತ್ತಾನಲ್ಲ ಎಂದು ಭಾವ ನಗುತ್ತಾರೆ, ಗೊತ್ತು. ಏನು ಮಾಡಲಿ, ಫೋನ್ ಮಾಡಿದರೆ "ಅವ್ವನ್ನ ಕಳ್ಸ್ತೀಯೋ ಇಲ್ವೋ, ಅಷ್ಟ್ ಏಳು" ಎಂದು ಇಟ್ಟುಬಿಡುತ್ತೀಯ. ನಮ್ಮೂರ ಶಿವಕುಮಾರಸ್ವಾಮಿ ಗಾಡಿಗೆ ಎಳನೀರು ಹಾಕಿಕೊಂಡು ನಿಮ್ಮೂರಿಗೆ ಹೊರಟಿದ್ದಾನೆ. ಅವನ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ. ಪೂರ್ತಿ ಓದು.

ನಿನ್ನ ಮೊಮ್ಮಗ ಬಸವೇಶನಿಗೆ ಜ್ವರ, ಗಂಟಲು ನೋವು, ಎಂಜಲು ನುಂಗಲೂ ಆಗುತ್ತಿಲ್ಲ. ಕಿರುನಾಲಿಗೆ ಬಿದ್ದಿದೆ, ಅವ್ವ ಬಂದು ಎತ್ತಲಿ ಎನ್ನುತ್ತೀಯ. ಅವ್ವ ಬರುವುದಿಲ್ಲ. ನಾನೇ ಬೇಡ ಎಂದಿದ್ದೇನೆ. ಸಿಟ್ಟು ಬಂದರೆ ನನ್ನ ಮೇಲೆ ತೀರಿಸಿಕೋ, ಮಗುವಿನ ಮೇಲೆ ಬೇಡ.

ನಮ್ಮ ಕೋಮಲಳಿಗೂ ಹೀಗೇ ಶುರುವಾಗಿದ್ದು. ಅವ್ವ ಹೆಬ್ಬೆರಳಿಗೆ ಉಪ್ಪು ಹಚ್ಚಿ ಗಂಟಲೊಳಗೆ ಒತ್ತಿದಳು, ನೆತ್ತಿಯ ಕೂದಲು ಬೆರಳಿಗೆ ಸುತ್ತಿ ಜಗ್ಗಿದಳು. ನೆತ್ತಿ ಟಕ್ ಎಂದಿತು. "ಎದ್ದೋಯ್ತು ತಕಾ, ಇನ್ ಮುದ್ದೆ ಉಣ್ಣು" ಎಂದಳು. ನಾಲ್ಕಾರು ದಿನದಲ್ಲಿ ಹುಡುಗಿ ಉಂಡಳು. ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಯಿತು, ಕೇರಿಯವರೆಲ್ಲ ಅವ್ವನ ಕೈಗುಣ ಎಂದರು, ನಾನೂ ಎಂದೆ. ಈ ಊರಿನ ಅರ್ಧ ಮಕ್ಕಳ ಗಂಟಲು ಆ ಬೆರಳನ್ನು ಕಂಡಿದೆ.

ಆಮೇಲೆ ಕೋಮಲಳ ಮಂಡಿ ಊದಿತು. ಹನೂರಿನ ಕಡೆಯ ಒಬ್ಬ ಎಲೆ ಅರೆದು ಕಟ್ಟಿದ, ಮಂಡಿ ಇಳಿಯಿತು. ಅಷ್ಟರಲ್ಲಿ ಹಿಮ್ಮಡಿ. ಅಲ್ಲಿಗೂ ಕಟ್ಟಿಸಿದೆವು, ನೋವು ಮೊಣಕೈಗೆ ಹೋಯಿತು. ಈ ಕಾಯಿಲೆಯಲ್ಲಿ ನೋವು ತಾನಾಗಿಯೇ ಮನೆ ಬದಲಿಸುತ್ತದಂತೆ. ನಾವು ಸೊಪ್ಪಿಗೆ ಕೈಮುಗಿದೆವು. ನಮ್ಮ ತಂಗಿ ರತ್ನನ ಹಾಗೇ ಓಡುತ್ತಾಳೆ ಎನ್ನುತ್ತಿದ್ದೆಯಲ್ಲ ನೀನು, ಅಂಥ ಹುಡುಗಿ ನಾಲ್ಕು ಮೆಟ್ಟಿಲು ಹತ್ತಿ ಏದುಸಿರು ಬಿಟ್ಟಾಗಲೇ ಮೈಸೂರಿಗೆ ಕರೆದುಕೊಂಡು ಹೋದದ್ದು.

ಸ್ಟ್ರೆಪ್ಟೋಕಾಕಸ್ ಅಂತೆ ಅದರ ಹೆಸರು. ಗಂಟಲಿಗೆ ಬರುವ ರೋಗಾಣು. ಅದರ ಮೇಲೆ ಜಗಳಕ್ಕೆ ನಿಂತ ಮೈ, ಗುರಿ ತಪ್ಪಿ ತನ್ನ ಹೃದಯಕ್ಕೇ ಹೊಡೆಯುತ್ತದಂತೆ. ಕೋಮಲಳ ಹೃದಯದ ಒಂದು ಕವಾಟ ಸರಿಯಾಗಿ ಮುಚ್ಚುತ್ತಿಲ್ಲ. ಮತ್ತೆ ಗಂಟಲಿಗೆ ಬಂದರೆ ಇನ್ನೂ ಹಾಳಾಗುತ್ತದೆ, ಅದಕ್ಕೇ ಮೂರು ವಾರಕ್ಕೊಂದು ಪೆನ್ಸಿಲಿನ್ ಇಂಜೆಕ್ಷನ್, ವರ್ಷಗಟ್ಟಲೆ. ಯಳಂದೂರಿನಲ್ಲಿ ಒಂದು ಕ್ಲಿನಿಕ್ಕಿಗೆ ಹೋದರೆ "ರಿಯಾಕ್ಷನ್ ಆದ್ರೆ ಯಾರ್ ಸಾ ವೊಣೆ? ನಾವ್ ಆಕಲ್ಲ" ಎನ್ನುತ್ತಾರೆ. ಅಂಗಡಿಯಲ್ಲಿ ಕೇಳಿದರೆ "ಸ್ಟಾಕಿಲ್ಲ, ನಾಳಿದ್ದು ಬನ್ನಿ". ಹುಡುಗಿಯನ್ನು ಬೈಕಿನಲ್ಲಿ ಕೂರಿಸಿಕೊಂಡು ಸೂಜಿ ಹುಡುಕುತ್ತಾ ತಿರುಗಿ ನನಗೆ ಸಾಕಾಗಿ ಹೋಗಿದೆ ಅಕ್ಕ. ಅವಳೋ, "ಗಂಟ್ಲು ಯಾವತ್ತೋ ವಾಸಿ ಆಯ್ತಲ್ಲಪ್ಪಾಜಿ, ಇನ್ನೂ ಯಾಕೆ ಚುಚ್ಚುಸ್ತೀಯ?" ಎಂದು ಅಳುತ್ತಾಳೆ.

ಇಷ್ಟೆಲ್ಲ ಗೊತ್ತಿದ್ದೂ ನೀನು ಅವ್ವನನ್ನು ಕಳಿಸು ಎಂದಾಗ ನನಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು. ಭಾವ ಹಿಂದಿನಿಂದ "ಗಂಟ್ಲು ನೋವ್ಗೆಲ್ಲಾ ಡಾಕ್ಟ್ರಾ? ನೆಗಡಿಗೆ ಮೂಗ್ ಕುಯ್ಕತಾರಾ?" ಎಂದದ್ದೂ ಕೇಳಿಸಿತು. ಎಲ್ಲ ಗಂಟಲು ನೋವೂ ಹೀಗಾಗುವುದಿಲ್ಲ, ಒಪ್ಪಿದೆ. ಯಾವುದು ಆಗುತ್ತದೆ ಎಂದು ಹೆಬ್ಬೆರಳಿಗೆ ಗೊತ್ತಾಗುವುದಿಲ್ಲವಲ್ಲ. ಇವತ್ತೇ ಬಸವೇಶನನ್ನು ಡಾಕ್ಟರಿಗೆ ತೋರಿಸು. ಮಾತ್ರೆ ಕೊಟ್ಟರೆ, ನೋವು ಹೋಯಿತು ಎಂದು ಅರ್ಧಕ್ಕೆ ಬಿಡಿಸಬೇಡ. ನಿನ್ನ ಕಾಲು ಹಿಡಿದುಕೊಳ್ಳುತ್ತೇನೆ.

ಭಾವನಿಗೆ ನನ್ನ ನಮಸ್ಕಾರ, ಬೈಗುಳ ಎರಡೂ ತಲುಪಿಸು. ಬಸವೇಶನ ತಲೆ ಸವರು. ಮಾದಪ್ಪ ನಮ್ಮ ಮಕ್ಕಳನ್ನು ಕಾಯಲಿ, ಉಳಿದದ್ದನ್ನು ನಾವು ಸರಿಯಾಗಿ ಮಾಡೋಣ.

ನಿನ್ನ ತಮ್ಮ,
ಷಡಕ್ಷರಿ

ಮರೆಯದೆ ಹೇಳಬೇಕಾದದ್ದು: ಇದನ್ನು ಬರೆಯದೆ ಮಡಚೋಣ ಎಂದಿದ್ದೆ, ಆಗಲಿಲ್ಲ. ಅವ್ವನನ್ನು ನಾನು ತಡೆದೆ ಎಂದದ್ದು ಸುಳ್ಳು. ನಿನ್ನ ಫೋನು ಬಂದ ಕೂಡಲೇ ಸೀರೆ ಬದಲಿಸಿ, ಚೀಲ ಹಿಡಿದು ಬಾಗಿಲವರೆಗೆ ಬಂದವಳು ಜಗಲಿಯ ಮೇಲೆ ಕುಳಿತುಬಿಟ್ಟಳು. ಮೊದಲು ಗಂಟಲು, ಆಮೇಲೆ ಕೀಲು, ಕೊನೆಗೆ ಉಬ್ಬಸ ಎಂದು ಮೈಸೂರಿನ ಡಾಕ್ಟರು ಹೇಳುವಾಗ ಅವಳೂ ಪಕ್ಕದಲ್ಲಿದ್ದಳು. ಅಂದಿನಿಂದ ಆ ವಿಷಯಕ್ಕೆ ತುಟಿ ಬಿಚ್ಚಿರಲಿಲ್ಲ. ಇವತ್ತು ಕೇಳಿದಳು, "ನಮ್ ರತ್ನಂಗೂ ಇಂಗೇ ಅಲ್ವೇನ್ಲಾ ಆಗಿದ್ದು? ಅವಳ್ದೂ ನಾನೇ ಎತ್ತಿದ್ದು."

ನಮ್ಮ ತಂಗಿ ಮಂಡಿ ಹಿಡಿದುಕೊಂಡು ಕುಂಟುತ್ತಿದ್ದದ್ದು, ಕೊನೆಗೆ ಮಲಗಿದರೆ ಉಸಿರು ಕಟ್ಟಿ ಗೋಡೆಗೆ ಒರಗಿಯೇ ನಿದ್ದೆ ಮಾಡುತ್ತಿದ್ದದ್ದು ನಿನಗೆ ನೆನಪಿದೆಯಲ್ಲ. ಗಾಳಿ ಸೋಕಿ ಹೋದಳು ಎಂದು ಇಷ್ಟು ವರ್ಷ ನಂಬಿದ್ದೆವು. ಅವ್ವನ ಚೀಲ ಒಳಗಿಟ್ಟು ಈ ಕಾಗದ ಬರೆಯಲು ಕುಳಿತೆ ಅಕ್ಕ. ಮಗುವನ್ನು ಡಾಕ್ಟರಿಗೆ ತೋರಿಸಿದ ಮೇಲೆ ಫೋನ್ ಮಾಡಿ ಅಷ್ಟನ್ನು ಅವಳಿಗೆ ಹೇಳು, ರತ್ನನ ಹೆಸರು ತೆಗೆಯಬೇಡ. ಅವಳಿನ್ನೂ ಜಗಲಿಯಲ್ಲೇ ಇದ್ದಾಳೆ, ಬಲಗೈಯನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಂಡು.