ಎಂಟು ಪಿನ್ನಿನ ಬೀಗ

ಜುಲೈ ೧೪, ಭಾನುವಾರ. ಜಿಯಾಯಿ.

ಭಾವನ ಮುಖ ನೆನೆದರೆ ಈಗಲೂ ಮೈಯುರಿಯುತ್ತದೆ. ಗಂಡನ ಅಣ್ಣ ಅಂತ ಸಹಿಸಬೇಕು, ಅಷ್ಟೇ.

ಮಧ್ಯಾಹ್ನ ಸಂತೆಬೀದಿಯ ಆಟದಂಗಡಿಯಿಂದ ನಮ್ಮ ಬೀಗ ರಿಪೇರಿ ಅಂಗಡಿಗೆ ಕರೆ ಬಂತು; ಭಾವನೂ ನಾನೂ ಓಡಿದೆವು. ಕಾಸು ಹಾಕಿ ಕೊಕ್ಕೆಯಿಂದ ಬೊಂಬೆ ಎತ್ತುವ ಗಾಜಿನ ಯಂತ್ರದೊಳಕ್ಕೆ ಪುಟ್ಟ ಹುಡುಗಿಯೊಬ್ಬಳು ಬೊಂಬೆ ಬೀಳುವ ಕಿಂಡಿಯಿಂದ ತೂರಿಬಿಟ್ಟಿದ್ದಳು. ಅಂಗಡಿಯವನು ಬೀಗದ ಕೈ ಸಮೇತ ತೈಪೆಗೆ ಹೋಗಿದ್ದ. ಗಾಜಿನೊಳಗೆ ಮಗು ಬೆವರಿ ಕೆಂಪಾಗಿ ಅಳುತ್ತಿತ್ತು. ಅಜ್ಜಿ ಹೊರಗಿನಿಂದ ಗಾಜನ್ನು ಸವರುತ್ತಿದ್ದಳು.

ಭಾವ ಕೀಲಿಯಿಲ್ಲದೆ ಬೀಗ ತೆಗೆಯುವ ತನ್ನ ಹೊಳೆಯುವ ಪಿಕ್ ತೆಗೆದು ಆ ದುಂಡುಬೀಗಕ್ಕೆ ತುರುಕಿದ.

"ಭಾವ, ಅದು ಏಳು ಪಿನ್ನಿನ ಬೀಗದ್ದು. ಇದ್ರಲ್ಲಿ ಎಂಟಿದೆ, ಸ್ವಲ್ಪ ಎಣಿಸಿ ನೋಡಿ."

"ಇದಕ್ಕೆ ಬಗ್ಗದಿರೋ ಬೀಗ ಇನ್ನೂ ಹುಟ್ಟಿಲ್ಲ. ಸುಮ್ನೆ ನಿಂತ್ಕೋ ಯುವೆಚಿನ್."

ತಿರುವಿದ, ಗುದ್ದಿದ, ಬೈದ. ಪಿಕ್ಕಿನ ತುದಿಯೇ ಬಾಗಿತು. ಮಗು ಅಳು ನಿಲ್ಲಿಸಿ ಗಾಜಿಗೆ ಒರಗಿಕೊಂಡಿತು. ಆಗ ನನಗೆ ಮರ್ಯಾದೆ ಮರೆತುಹೋಯಿತು. ಮೊಣಕೈಯಿಂದ ಅವನನ್ನು ಪಕ್ಕಕ್ಕೆ ತಳ್ಳಿ, ನನ್ನ ಎಂಟು ಪಿನ್ನಿನ ಪಿಕ್ ಹಾಕಿ ಮೆಲ್ಲಗೆ ತಿರುಗಿಸಿದೆ. ಬಾಗಿಲು ತೆರೆದುಕೊಂಡಿತು.

ಅಜ್ಜಿ ಮಗುವನ್ನು ಎದೆಗವಚಿಕೊಂಡು ಭಾವನಿಗೆ ಬಾಗಿ ಬಾಗಿ ನಮಸ್ಕರಿಸಿದಳು. "ನಿಮ್ಮಿಂದ ನನ್ ಮೊಮ್ಮಗು ಉಳೀತು ಮೇಸ್ತ್ರಿ!"

"ಬಲು ಕಷ್ಟದ ಬೀಗ ಅಮ್ಮ," ಅಂದ ಆ ನಾಚಿಕೆಗೇಡಿ. ಮಗುವಿನ ಕೆನ್ನೆ ಬೇರೆ ಹಿಂಡಿದ.

ರಾತ್ರಿ ಊಟವಾದ ಮೇಲೆ ಭಾವ ಅಡುಗೆಮನೆಗೆ ಬಂದ. "ಆ ಎಂಟರದ್ದು ಇಲ್ಲಿ ಕೊಡು. ಇನ್ಮೇಲೆ ನನ್ನ ಚೀಲದಲ್ಲಿರ್ಲಿ."

ಕೊಟ್ಟುಬಿಟ್ಟೆ. ನನಗೆ ಬೇರೆಯದು ತರಿಸಿಕೊಳ್ಳುತ್ತೇನೆ. ನಾಳೆ ಅವನು ಆ ಎಂಟರದ್ದನ್ನು ಏಳರ ಬೀಗಕ್ಕೆ ತುರುಕಿ ಬೀಗಕ್ಕೇ ಬೈಯುತ್ತಾನೆ. ಬೈಯಲಿ. ನನಗೆ ನಿದ್ದೆ ಬರುತ್ತಿದೆ.