ಹದಿನೇಳನ್ನು ಇಪ್ಪತ್ತೈದೆಂದು ಬರೆಯಲೊಪ್ಪದ ಹುಡುಗಿಯ ಪರವಾಗಿ

ಕಾಲೇಜು ಕೋರ್ಸುಗಳ ಗುಣಮಟ್ಟ ಅಳೆಯುವ ಸಮಿತಿಯ ಮಾನ್ಯ ಅಧ್ಯಕ್ಷರೇ,

ಕಳೆದ ತಿಂಗಳು ನೀವು ‘ಅತ್ಯುತ್ತಮ’ ಎಂದು ಷರಾ ಬರೆದು ಹೋದ ಕಟ್ಟಡ ನಿರ್ಮಾಣ ಕೋರ್ಸಿನಲ್ಲಿ ನನ್ನ ಮಗಳು ಕೊನೆಯ ವರ್ಷ ಓದುತ್ತಿದ್ದಾಳೆ. ಸುಳ್ಳು ಬರೆಯಲು ಒಪ್ಪದ ತಪ್ಪಿಗೆ ಅವಳನ್ನು ಪರೀಕ್ಷೆಯಿಂದ ಹೊರಗಿಡುತ್ತಿದ್ದಾರೆ. ತಿದ್ದಿ ಬರೆಯಲು ಶುಕ್ರವಾರ ಸಂಜೆಯವರೆಗೆ ಗಡುವು. ನಿಮ್ಮ ಕಚೇರಿಗೆ ಕೊಟ್ಟ ಮೂರು ಅರ್ಜಿಗಳು ಯಾವ ಕಡತದಲ್ಲಿ ತಣ್ಣಗೆ ಮಲಗಿವೆಯೋ ಗೊತ್ತಿಲ್ಲ. ಆದ್ದರಿಂದ ನಾಲ್ಕನೆಯದನ್ನು ಊರೆಲ್ಲ ಓದಲೆಂದು ಪತ್ರಿಕೆಗೆ ಕೊಟ್ಟಿದ್ದೇನೆ.

ನಾನು ಗಾರೆ ಕೆಲಸದವನು. ಇಪ್ಪತ್ತಾರು ವರ್ಷ ಕರಣೆ ಹಿಡಿದಿದ್ದೇನೆ, ಸಂಘದ ಬಾವುಟವನ್ನೂ ಹಿಡಿದಿದ್ದೇನೆ. ಮಾತು ನುಣ್ಣಗಿಲ್ಲದಿದ್ದರೆ ಸಹಿಸಿಕೊಳ್ಳಿ.

ಆ ಕಾಲೇಜಿನ ಪ್ರಯೋಗಾಲಯದಲ್ಲಿ ಕಾಂಕ್ರೀಟಿನ ಕ್ಯೂಬನ್ನು ಒತ್ತಿ ಒಡೆದು ಅದೆಷ್ಟು ಗಟ್ಟಿ ಎಂದು ಹೇಳುವ ಯಂತ್ರವಿದೆ. ಅದರ ಮುಳ್ಳು ಆರು ವರ್ಷದಿಂದ ಸೊನ್ನೆಯ ಮೇಲೆ ಕೂತಿದೆ. ಆದರೂ ಆರು ವರ್ಷದ ಅಷ್ಟೂ ವಿದ್ಯಾರ್ಥಿಗಳ ರೆಕಾರ್ಡ್ ಪುಸ್ತಕದಲ್ಲಿ ಗಟ್ಟಿತನ ಇರಬೇಕಾದಷ್ಟೇ, ಇಪ್ಪತ್ತೈದು! ಹಿರಿಯರದನ್ನು ನೋಡಿ ಕಿರಿಯರು ಇಳಿಸುವುದು, ಅದಕ್ಕೆ ಮೇಷ್ಟ್ರ ಕೆಂಪು ಸಹಿ, ಅದರ ಮೇಲೆ ನಿಮ್ಮ ಮೊಹರು. ಯಂತ್ರಕ್ಕೆ ಹೊದಿಸಿದ್ದ ಹೊಸ ಬಟ್ಟೆಯನ್ನು ಎತ್ತಿ ನೋಡಿದಿರಾ? ಇಲ್ಲ. ಪುಸ್ತಕಗಳ ರಟ್ಟು ಒಂದೇ ಬಣ್ಣದಲ್ಲಿದೆಯೇ ಎಂದು ನೋಡಿದಿರಿ. ನಾಳೆ ತೊಲೆ ಬಾಗಿದರೆ ಆ ರಟ್ಟನ್ನೇ ಆಸರೆಗೆ ಕೊಡುತ್ತೀರಾ?

ನನ್ನ ಮಗಳು ಹೆಡ್ಡಿ. ತಾನು ಕಲಸಿ ಎರೆದ ಕ್ಯೂಬನ್ನು ಚೀಲದಲ್ಲಿ ಹೊತ್ತು ನನ್ನ ಕೆಲಸದ ಜಾಗಕ್ಕೆ ಬಂದಳು, ಅಲ್ಲಿನ ಯಂತ್ರದಲ್ಲಿ ಒಡೆಸಿದಳು. ಹದಿನೇಳು ಬಂತು. ಕಾಲೇಜಿನ ಸಿಮೆಂಟು ಚೀಲದಲ್ಲೇ ಗಂಟು ಕಟ್ಟಿತ್ತು, ಇನ್ನೆಷ್ಟು ಬಂದೀತು? ಕಂಡದ್ದನ್ನೇ ಬರೆದಳು.

ಮೇಷ್ಟ್ರು ಸಹಿ ಹಾಕಲಿಲ್ಲ; ಆ ಸಹಿ ಇಲ್ಲದೆ ಪರೀಕ್ಷೆಗೆ ಕೂರಿಸುವುದಿಲ್ಲ. ನನ್ನನ್ನು ಕರೆಸಿದರು. “ನೋಡಿ ಯಜಮಾನ್ರೇ, ಇಡೀ ಕ್ಲಾಸಿಗೆ ಇಪ್ಪತ್ತೈದು ಬಂದಿದೆ. ನಿಮ್ಮ ಮಗಳದ್ದಕ್ಕೆ ಮಾತ್ರ ಏನು ರೋಗ?”

“ಸಾರ್, ಅವರ್ಯಾರೂ ಒಡೆದೇ ಇಲ್ವಲ್ಲ” ಅಂದಳು ಮಗಳು.

“ಒಡೆಯೋದ್ಯಾಕಮ್ಮ? ಉತ್ತರ ಗೊತ್ತಿದೆಯಲ್ಲ!”

ಅವಳನ್ನು ಆಚೆ ಕಳಿಸಿ ದನಿ ತಗ್ಗಿಸಿದರು. “ನನಗೂ ಗೊತ್ತು ರೀ. ಹದಿನೇಳಕ್ಕೆ ಸಹಿ ಹಾಕಿದ್ರೆ ಎಲ್ಲಿ ಒಡೆಸಿದ್ರಿ ಅಂತ ಸಮಿತಿಯವರು ಕೇಳ್ತಾರೆ. ಆಮೇಲೆ ನನ್ನ ಕೆಲಸಾನೇ ಒಡೆಯತ್ತೆ. ಶುಕ್ರವಾರದೊಳಗೆ ತಿದ್ದಿಸಿಬಿಡಿ, ಕೈಮುಗೀತೀನಿ.”

ಅವರನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಅವರು ನಿಮಗೆ ಹೆದರಿದ್ದಾರೆ. ಗುಣಮಟ್ಟ ಕಾಯಬೇಕಾದವರಿಗೆ ಹೆದರಿ ಮೇಷ್ಟ್ರುಗಳು ಸುಳ್ಳು ಕಲಿಸಬೇಕಾದರೆ, ಸ್ವಾಮಿ, ನೀವು ಪರಿಶೀಲಿಸಿದ್ದಾದರೂ ಏನನ್ನು? ಕ್ಯೂಬನ್ನೇ ಒಡೆಯದೆ ಪಾಸಾದವರು ಸೈಟಿಗೆ ಬಂದು ನಾವು ಎರೆದ ಕಂಬಗಳಿಗೆ ‘ಸರಿಯಿದೆ’ ಎಂದು ಸಹಿ ಹಾಕುತ್ತಾರೆ. ಆ ಕಂಬದ ಬುಡದಲ್ಲಿ ಬುತ್ತಿ ಬಿಚ್ಚಿ ಕೂರುವವರು ನಾವು, ನೀವಲ್ಲ.

ಗುರುವಾರದೊಳಗೆ ಬನ್ನಿ. ಮೊದಲೇ ತಿಳಿಸದೆ ಬನ್ನಿ. ನಿಮ್ಮ ಷರಾ ಹಿಂದಕ್ಕೆ ಪಡೆಯಿರಿ, ಯಂತ್ರ ಸರಿಮಾಡಿಸಿ, ಎಲ್ಲ ಮಕ್ಕಳಿಂದಲೂ ಹೊಸದಾಗಿ ಒಡೆಸಿ. ಹದಿನೇಳಕ್ಕೆ ಸಹಿ ಹಾಕುವ ಮೇಷ್ಟ್ರನ್ನು ಮುಟ್ಟುವುದಿಲ್ಲವೆಂದು ಬರೆದು ಕೊಡಿ.

ಬರದಿದ್ದರೆ? ಮೆರವಣಿಗೆ ಕಟ್ಟಬಲ್ಲೆ, ಆದರೆ ಶುಕ್ರವಾರ ಅದಕ್ಕಾಗಿ ಕಾಯುವುದಿಲ್ಲ. ಅವಳ ಮೂರು ವರ್ಷ ಮಣ್ಣುಪಾಲಾಗುವುದನ್ನು ನೋಡುವ ಗುಂಡಿಗೆ ನನಗಿಲ್ಲ. “ಬರೆದುಬಿಡು ಮಗಳೇ, ಇಪ್ಪತ್ತೈದು ಅಂತಲೇ ಬರೆದುಬಿಡು” ಎಂದು ನಾನೇ ಹೇಳುತ್ತೇನೆ. ಅವಳು ಮೇಷ್ಟ್ರ ಮಾತು ಮೀರಿಯಾಳು, ನನ್ನ ಮಾತು ಮೀರುವವಳಲ್ಲ.

ಇಂತಿ,
ಮಗಳಿಗೆ ಸುಳ್ಳು ಹೇಳಿಕೊಡಲು ಇನ್ನು ಮೂರೇ ದಿನ ಉಳಿದಿರುವ ಒಬ್ಬ ಅಪ್ಪ